ರಜೆಯಲ್ಲಿ ಮನೆಗೆ ಬಂದ ಮಗಳು: ಕೈಜೋಡಿಸುವುದು ಮತ್ತು ಹೊಣೆ ಹೊರುವುದು

ಕಾಲೇಜಿನ ಎರಡು ಸೆಮಿಸ್ಟರುಗಳ ನಡುವಿನ ರಜೆಯನ್ನು ವಿಶ್ವವಿದ್ಯಾಲಯದ ವೇಳಾಪಟ್ಟಿ ಬಿಡುವಿನ ಕಾಲವೆಂದು ಗುರುತಿಸುತ್ತದೆ. ಆದರೆ ಕೃಷಿಕ ಮನೆಯಿಂದ ದೂರದ ಊರಿಗೆ ಹೋಗಿ ಹಾಸ್ಟೆಲಿನಲ್ಲಿದ್ದು ಓದುವ ಹುಡುಗಿಯ ಪಾಲಿಗೆ ಅದು ಒಂದು ಬಗೆಯ ದಿನಚರಿಯಿಂದ ಇನ್ನೊಂದು ಬಗೆಯ ದಿನಚರಿಗೆ ದಾಟುವ ಕಾಲವಾಗಿರುತ್ತದೆ. ಹಾಸ್ಟೆಲಿನಲ್ಲಿ ಊಟ ಯಾರೋ ಗೊತ್ತುಮಾಡಿದ ಹೊತ್ತಿಗೆ ಸಿದ್ಧವಾಗಿರುತ್ತದೆ, ಅವಳು ನೋಡಿಕೊಳ್ಳಬೇಕಾದದ್ದು ತನ್ನ ಓದು, ತನ್ನ ಬಟ್ಟೆ ಮತ್ತು ತನ್ನ ಹಾಸಿಗೆಯನ್ನು ಮಾತ್ರ. ಮನೆಯಲ್ಲಾದರೋ ಒಬ್ಬರ ಕೆಲಸ ಎಲ್ಲಿ ಮುಗಿದು ಇನ್ನೊಬ್ಬರ ಕೆಲಸ ಎಲ್ಲಿ ತೊಡಗುತ್ತದೆ ಎಂಬುದಕ್ಕೆ ಗೆರೆ ಇರುವುದಿಲ್ಲ. ಮನೆಯಲ್ಲೇ ಇದ್ದು ಬೆಳೆದವಳಿಗೆ ಈ ವ್ಯತ್ಯಾಸ ಕಾಣುವುದು ಕಷ್ಟ, ಹೋಗಿ ಮರಳಿದವಳಿಗೆ ಅದು ಕಾಣದಿರುವುದು ಕಷ್ಟ.

ಈ ಬರಹಕ್ಕೆ ಆಧಾರ ಉತ್ತರ ಕನ್ನಡ ಜಿಲ್ಲೆಯ ಶಿರಸಿ ಸೀಮೆಯ ಒಂದು ಹವ್ಯಕ ಅಡಿಕೆ ತೋಟದ ಮನೆ ಮತ್ತು ಆ ಮನೆಯಿಂದ ಧಾರವಾಡಕ್ಕೆ ಹೋಗಿ ಮೂರು ವರ್ಷ ಪದವಿ ಓದಿದ ಮಗಳ, ಅಂದರೆ ಈ ಲೇಖಕಿಯ, ಐದು ರಜೆಗಳು. ಆರು ಸೆಮಿಸ್ಟರುಗಳ ನಡುವೆ ಬಂದ ಆ ಐದರಲ್ಲಿ ಮೂರು ಚಳಿಗಾಲದವು, ಎರಡು ಬೇಸಿಗೆಯವು. ಚಳಿಗಾಲದ ರಜೆ ಅಡಿಕೆ ಕೊಯ್ಲಿನ ನಡುವೆಯೂ, ಬೇಸಿಗೆಯದು ಹಪ್ಪಳ, ಉಪ್ಪಿನಕಾಯಿ, ಮದುವೆ, ಉಪನಯನಗಳ ನಡುವೆಯೂ ಬೀಳುತ್ತಿದ್ದುದರಿಂದ, ಪುಸ್ತಕ ಮುಚ್ಚಿದ ಮರುದಿನವೇ ವರ್ಷದ ಅತಿ ಹೆಚ್ಚು ಕೆಲಸದ ವಾರಗಳು ಎದುರಾಗುತ್ತಿದ್ದವು. ಒಂದು ಮನೆಯ ಅನುಭವದಿಂದ ಸೀಮೆಯನ್ನೆಲ್ಲ ಅಳೆಯಲಾಗದು, ಹಾಗೆ ಅಳೆಯುವ ಉದ್ದೇಶವೂ ಇಲ್ಲಿಲ್ಲ. ಆದರೆ ಒಂದೇ ಮನೆಯನ್ನು ಐದು ಸಲ ಬಿಟ್ಟು ಐದು ಸಲ ಹೊಕ್ಕಾಗ ಕಂಡದ್ದು, ಅಲ್ಲೇ ಇದ್ದಿದ್ದರೆ ಕಾಣುತ್ತಿರಲಿಲ್ಲ.

ಮೊದಲ ಮೂರು ದಿನ ಮಗಳು ನೆಂಟಳು. ಹವ್ಯಕರ ಮನೆಗಳಲ್ಲಿ ಹೊರಗಿನಿಂದ ಬಂದವರಿಗೆ ಬಾಯಾರಿಕೆಗೆ ಏನು ಬೇಕೆಂದು ಮೊದಲು ವಿಚಾರಿಸುವ ರೂಢಿಯಿದೆ. ಕೊಡುವ ಪಾನೀಯಕ್ಕೆ ‘ಆಸರಿಗೆ’ ಎಂದು ಹೆಸರು, ಅದು ಮಜ್ಜಿಗೆಯಾಗಬಹುದು, ಬೆಲ್ಲ ನೀರಾಗಬಹುದು, ಕಷಾಯವಾಗಬಹುದು. ತನ್ನದೇ ಮನೆಯ ಜಗಲಿಯಲ್ಲಿ ಚೀಲ ಇಳಿಸಿದ ಮಗಳಿಗೆ ಆಯಿ, ಎಂದರೆ ತಾಯಿ, ‘ಆಸರಿಗೆ ಎಂತ ಬೇಕೇ ಕೂಸೇ?’ ಎಂದು ಕೇಳಿದಾಗ ಅದರಲ್ಲಿ ಅಕ್ಕರೆಯೂ ಇರುತ್ತದೆ, ಅರಿವಿಲ್ಲದ ಒಂದು ದೂರವೂ ಇರುತ್ತದೆ. (ಈ ಸೀಮೆಯಲ್ಲಿ ‘ಕೂಸು’ ಎಂದರೆ ಹುಡುಗಿ, ‘ಮಾಣಿ’ ಎಂದರೆ ಹುಡುಗ, ಪ್ರಾಯ ಇಪ್ಪತ್ತಾದರೂ ಮನೆಯಲ್ಲಿ ಕೂಸು ಕೂಸೇ.) ನಾಲ್ಕನೆಯ ದಿನದ ಹೊತ್ತಿಗೆ ನೆಂಟಸ್ತಿಕೆ ತೀರಿ, ಅವಳು ಮನೆಯ ಕೈಗಳಲ್ಲಿ ಒಂದಾಗುತ್ತಾಳೆ. ಪಾತ್ರೆ ತೊಳೆಯುವುದು, ಕಾಯಿ ತುರಿಯುವುದು, ಅಂಗಳ ಗುಡಿಸುವುದು, ಬಚ್ಚಲ ಒಲೆಗೆ ಬೆಂಕಿ ಹಾಕಿ ಹಂಡೆಯ ನೀರು ಕಾಯಿಸುವುದು ಮೊದಲಾದ ಕೆಲಸಗಳು ಯಾರೂ ಹೇಳದೆಯೇ ಅವಳ ಕಡೆ ಸರಿಯುತ್ತವೆ. ಮೊದಲ ಎರಡು ರಜೆಗಳಲ್ಲಿ ಲೇಖಕಿ ಇವೆಲ್ಲವನ್ನೂ ಮನಸ್ಸಿಟ್ಟು ಮಾಡಿದಳು, ಮಾಡಿದ್ದರಿಂದ ಆಯಿಗೆ ಒಂದಿಷ್ಟು ಬಿಡುವು ಸಿಕ್ಕಿತೆಂದೂ ನಂಬಿದಳು.

ಆ ನಂಬಿಕೆ ತಪ್ಪೆಂದು ತೋರಿಸಿದ್ದು ಹೆಪ್ಪು. ರಾತ್ರಿ ಹಾಲು ಉಗುರುಬೆಚ್ಚಗಾಗುವ ತನಕ ಕಾದು, ಒಂದು ಚಮಚ ಮಜ್ಜಿಗೆ ಬೆರೆಸಿ ಮುಚ್ಚಿಡುವುದಕ್ಕೆ ಎರಡು ನಿಮಿಷ ಸಾಕು. ಮರೆತರೆ ಮಾತ್ರ ಮರುದಿನ ಮನೆಯಲ್ಲಿ ಮೊಸರಿಲ್ಲ, ತಂಬುಳಿಗೆ ಮಜ್ಜಿಗೆಯಿಲ್ಲ, ಕೆಲಸದವರಿಗೆ ಕೊಡುವ ಆಸರಿಗೆಯೂ ಇಲ್ಲ. ಮೂರನೆಯ ರಜೆಯಲ್ಲಿ ಆಯಿ ಒಂದು ದಿನ ತವರಿಗೆ ಹೋಗಿದ್ದಾಗ ರಾತ್ರಿಯ ಪಾತ್ರೆಗಳನ್ನೆಲ್ಲ ತೊಳೆದು, ಒಲೆ ಒರೆಸಿ, ತೃಪ್ತಿಯಿಂದ ಮಲಗಿದ ಲೇಖಕಿಗೆ ಬೆಳಗ್ಗೆ ಗೊತ್ತಾದದ್ದೇನೆಂದರೆ, ಹಾಲು ಹಾಲಾಗಿಯೇ ಉಳಿದಿದೆ, ದೋಸೆಗೆ ಅಕ್ಕಿ ಉದ್ದು ನೆನೆಹಾಕಿಲ್ಲ, ಕರುವನ್ನು ಬೇರೆ ಕಟ್ಟದೆ ಬಿಟ್ಟದ್ದರಿಂದ ಬೆಳಗಿನ ಹಾಲನ್ನು ಅದೇ ಕುಡಿದು ಮುಗಿಸಿದೆ. ಈ ಮೂರೂ ಸೇರಿ ಹತ್ತು ನಿಮಿಷ ಹಿಡಿಯುವ ಕೆಲಸಗಳಲ್ಲ. ಅವು ನೆನಪಿನ ಕೆಲಸಗಳು. ಪಾತ್ರೆ ತೊಳೆದವಳ ದಿನ ಪಾತ್ರೆಯೊಂದಿಗೇ ಮುಗಿಯುತ್ತದೆ, ಆಯಿಯ ದಿನ ಹಾಗೆ ಮುಗಿಯದೆ ನಾಳೆಯ ಒಳಗೆ ಚಾಚಿಕೊಂಡಿರುತ್ತದೆ. ಕೈಜೋಡಿಸುವುದೆಂದರೆ ಹೇಳಿದ್ದನ್ನು ಅಥವಾ ಕಣ್ಣಿಗೆ ಬಿದ್ದದ್ದನ್ನು ಮಾಡುವುದು. ಹೊಣೆ ಹೊರುವುದೆಂದರೆ ಕಣ್ಣಿಗೆ ಬೀಳದ್ದನ್ನೂ ತಲೆಯಲ್ಲಿಟ್ಟುಕೊಂಡು ತಿರುಗುವುದು. ಎರಡು ರಜೆ ಮಗಳು ಕೈಜೋಡಿಸಿದ್ದಳೇ ಹೊರತು ಯಾವ ಹೊಣೆಯನ್ನೂ ಇಳಿಸಿಕೊಂಡಿರಲಿಲ್ಲ. ಬದಲಿಗೆ ಮಗಳಿಗೆ ಏನು ಹೇಳಬೇಕು, ಯಾವಾಗ ಹೇಳಬೇಕು ಎಂದು ಯೋಚಿಸುವ ಇನ್ನೊಂದು ಕೆಲಸವನ್ನು ಆಯಿಗೆ ಕೊಟ್ಟಿದ್ದಳು.

ಆ ಮೇಲೆ ಅವಳು ಬೇರೆ ಕ್ರಮ ಹಿಡಿದಳು. ಹತ್ತು ಕೆಲಸಗಳಲ್ಲಿ ತುಸು ತುಸು ಕೈಹಾಕುವ ಬದಲು ಒಂದನ್ನು ಬುಡದಿಂದ ತುದಿಯವರೆಗೆ ತನ್ನದಾಗಿಸಿಕೊಳ್ಳುವುದು ಆ ಕ್ರಮ. ಆರಿಸಿಕೊಂಡದ್ದು ಬೆಳಗಿನ ಆಸರಿ, ಎಂದರೆ ತಿಂಡಿ ಮತ್ತು ಅದರೊಂದಿಗಿನ ಕಾಫಿ ಕಷಾಯ. ಬುಡ ಎಂದರೆ ಡಬ್ಬಿಯಲ್ಲಿ ಉದ್ದು ಎಷ್ಟು ಉಳಿದಿದೆ, ಪೇಟೆಗೆ ಹೋಗುವವರು ಯಾವಾಗ ಹೋಗುತ್ತಾರೆ, ನಾಳೆ ಅಡಿಕೆ ಕೊಯ್ಯುವವರು ಬರುತ್ತಾರೋ ಇಲ್ಲವೋ, ಬಂದರೆ ಎಷ್ಟು ಜನ, ಅಜ್ಜಿಗೆ ಏಕಾದಶಿಯೋ ಅಲ್ಲವೋ ಎಂಬುದೆಲ್ಲ. ತುದಿ ಎಂದರೆ ಕೊನೆಯ ಲೋಟ ತೊಳೆದು ಬೋರಲು ಹಾಕುವುದು. ಮೊದಲ ವಾರ ಹಿಟ್ಟು ಒಮ್ಮೆ ಹುಳಿಯಾಯಿತು, ಇನ್ನೊಮ್ಮೆ ಉಬ್ಬಲೇ ಇಲ್ಲ, ತೆಳ್ಳೇವಿಗೆ ನೀರು ಜಾಸ್ತಿಯಾಗಿ ಕಾವಲಿಗೆ ಕಚ್ಚಿತು. ತೆಳ್ಳೇವು ಎಂದರೆ ಈ ಕಡೆ ಮಾಡುವ ತೀರ ತೆಳುವಾದ ದೋಸೆ, ಅದರ ಹದ ಹಿಟ್ಟಿನ ನೀರಿನಲ್ಲಿದೆ. ಎಲ್ಲಕ್ಕಿಂತ ಕಷ್ಟವಾದದ್ದು ಅಡುಗೆಯಲ್ಲ, ಆಯಿಯನ್ನು ಅಡುಗೆಮನೆಯಿಂದ ಹೊರಗಿರಿಸುವುದು. ಮೂವತ್ತು ವರ್ಷ ಹೊತ್ತ ಹೊಣೆಯನ್ನು ಮೂರು ವಾರಕ್ಕೆಂದು ಇಳಿಸಿಡುವುದು ಅವಳಿಗೂ ಹೊಸತು, ಐದು ಗಂಟೆಗೆ ತಾನಾಗಿ ಎಚ್ಚರವಾಗುವ ಮೈಗೆ ಮಾಡಲು ಏನೂ ಇಲ್ಲದಿರುವುದು ಹಿಂಸೆಯೆನಿಸುತ್ತಿತ್ತು. ಎರಡನೆಯ ವಾರದಲ್ಲಿ ಅವಳು ಆ ಹೊತ್ತಿಗೆ ಹೂವಿನ ಗಿಡಗಳ ಬಳಿ ಹೋಗತೊಡಗಿದಳು.

ಇದಕ್ಕಿಂತ ದೊಡ್ಡ ಪಾಠ ಬಂದದ್ದು ಮನೆಯಲ್ಲಿ ಯಾರೂ ದನಿಯೆತ್ತಿ ಮಾತಾಡದ ವಿಷಯದಿಂದ. ಈ ಬಗೆಯ ಅನೇಕ ಮನೆಗಳಲ್ಲಿ ಹೆಂಗಸರು ಮುಟ್ಟಿನ ಮೂರು ದಿನ ‘ಹೊರಗೆ’ ಇರುತ್ತಾರೆ. ಹೊರಗೆ ಎಂದರೆ ಅಡುಗೆಮನೆ, ದೇವರ ಕೋಣೆಗಳಿಗೆ ಹೋಗದೆ, ಬೇರೆ ಹಾಸಿಗೆ ತಟ್ಟೆಗಳೊಂದಿಗೆ ಪ್ರತ್ಯೇಕವಾಗಿರುವುದು. ಹಾಸ್ಟೆಲಿನಲ್ಲಿ ಈ ದಿನಗಳಿಗೂ ಬೇರೆ ದಿನಗಳಿಗೂ ಭೇದವಿಲ್ಲ, ಅಲ್ಲಿ ಅವು ತರಗತಿಗೆ ಹೋಗುವ, ಪ್ರಯೋಗಾಲಯದಲ್ಲಿ ನಿಲ್ಲುವ ದಿನಗಳೇ. ಹಾಗಾಗಿ ಮನೆಗೆ ಬಂದು ಮತ್ತೆ ಜಗಲಿಯ ಮೂಲೆಗೆ ಸರಿಯುವುದು ಕಾಲೇಜಿಗೆ ಹೋಗುವ ಹುಡುಗಿಯ ಪಾಲಿಗೆ ಪ್ರತಿ ರಜೆಯಲ್ಲೂ ಹೊಸದಾಗಿ ನೋಯಿಸುವ ಸಂಗತಿ. ಇದನ್ನು ಹೆಂಗಸಿಗೆ ವಿಶ್ರಾಂತಿ ಕೊಡುವ ಏರ್ಪಾಡೆಂದು ಸಮರ್ಥಿಸುವ ಮಾತನ್ನು ಲೇಖಕಿ ಒಪ್ಪಲಾರಳು, ಏಕೆಂದರೆ ವಿಶ್ರಾಂತಿ ಬೇಡವೆಂದರೂ ಅದನ್ನು ಬಿಡುವ ಸ್ವಾತಂತ್ರ್ಯ ಇಲ್ಲಿಲ್ಲ, ಮತ್ತು ಆ ದಿನಗಳಲ್ಲಿ ಅಂಗಳದ, ತೋಟದ ಹೊರಗೆಲಸ ನಿಲ್ಲುವುದೂ ಇಲ್ಲ. ಆದರೆ ಈ ಪದ್ಧತಿಯ ಒಂದು ಪರಿಣಾಮವನ್ನು ಅವಳು ಬಹಳ ತಡವಾಗಿ ಗಮನಿಸಿದಳು: ಆಯಿ ಹೊರಗಾದ ದಿನಗಳಲ್ಲಿ ಅಪ್ಪ ಅಡುಗೆ ಮಾಡುತ್ತಿದ್ದ. ಅನ್ನ, ಸಾರು, ಒಂದೆಲಗದ ತಂಬುಳಿ, ಕೆಲವೊಮ್ಮೆ ಪಲ್ಯ, ಎಲ್ಲವೂ ಅವನ ಕೈಗೆ ಬರುತ್ತಿತ್ತು. ಹೀಗೆ ತಿಂಗಳಿಗೆ ಮೂರು ದಿನದಂತೆ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಅಡುಗೆ ಮಾಡಿದ ಗಂಡಸನ್ನು ಅಡುಗೆ ಬಾರದವನೆಂದು ಹೇಳಲಾಗದು.

ಮಗಳು ಎಸ್ಸೆಸ್ಸೆಲ್ಸಿ ಮುಗಿಸಿ ಅಡುಗೆ ಕಲಿತ ಮೇಲೆ ಆ ಮೂರು ದಿನಗಳು ಅವಳ ಪಾಲಿಗೆ ಬಂದವು, ಅವಳು ಧಾರವಾಡಕ್ಕೆ ಹೋದ ಮೇಲೆ ಮತ್ತೆ ಅಪ್ಪನ ಪಾಲಿಗೆ ಹೋದವು, ರಜೆಗೆ ಬಂದಾಗ ಮತ್ತೆ ಅವಳ ಕಡೆ ಮರಳಿದವು. ಯಾರೂ ಇದನ್ನು ಮಾತಾಡಿ ತೀರ್ಮಾನಿಸಿದ್ದಲ್ಲ. ಮಗಳು ಬಂದರೆ ಆಯಿಗೆ ಹಗುರ ಎಂದು ನೆಂಟರಿಷ್ಟರೆಲ್ಲ ಹೇಳುತ್ತಾರೆ, ಮಗಳೂ ಹಾಗೇ ತಿಳಿದಿದ್ದಳು. ವಾಸ್ತವದಲ್ಲಿ ಹಗುರವಾಗುತ್ತಿದ್ದುದು ಅಪ್ಪನಿಗೆ. ಆಯಿಯ ಪಾಲಿನ ಇಪ್ಪತ್ತೇಳು ದಿನಗಳ ಹೊಣೆ ಹಾಗೇ ಇದ್ದು, ಮನೆಯ ಗಂಡಸು ಒಲೆಯ ಮುಂದೆ ನಿಲ್ಲುತ್ತಿದ್ದ ಮೂರೇ ದಿನಗಳು ಮಗಳ ದುಡಿಮೆಯಿಂದ ಇಲ್ಲವಾಗುತ್ತಿದ್ದವು. ಅಪ್ಪನಲ್ಲಿ ಇದರ ಬಗ್ಗೆ ಕೆಟ್ಟ ಎಣಿಕೆ ಇರಲಿಲ್ಲವೆಂಬುದು ಲೇಖಕಿಗೆ ಚೆನ್ನಾಗಿ ಗೊತ್ತು, ಹೇಳಿದಾಗ ಅವನು ಬೇಸರಪಟ್ಟುಕೊಳ್ಳಲೂ ಇಲ್ಲ. ಕೆಲಸವು ಗಂಡಸಿನ ಕೈಯಿಂದ ಹತ್ತಿರದ ಹೆಂಗಸಿನ ಕೈಗೆ ತಾನಾಗಿ ಹರಿಯುತ್ತದೆ, ಹರಿಯುವಾಗ ಸದ್ದಾಗುವುದಿಲ್ಲ.

ಕೆಲಸಕ್ಕೆ ಲೆಕ್ಕ ಎಲ್ಲಿಂದ ಎಲ್ಲಿಯವರೆಗೆ ಎಂಬ ಪ್ರಶ್ನೆ ಎದುರಾದದ್ದು ಅಡಿಕೆ ಸುಲಿಯುವ ರಾತ್ರಿಗಳಲ್ಲಿ. ಅಡಿಕೆಯ ಗೊಂಚಲಿಗೆ ಇಲ್ಲಿ ‘ಕೊನೆ’ ಎನ್ನುತ್ತಾರೆ. ಮರವೇರಿ ಅದನ್ನು ಇಳಿಸುವ ನುರಿತ ಕೆಲಸಗಾರನಿಗೆ ಕೊನೆಗೌಡ ಎಂದು ಹೆಸರು. ಹಸಿಯಾಗಿಯೇ ಸುಲಿದು, ಬೇಯಿಸಿ, ಒಣಗಿಸಿದ್ದು ಕೆಂಪಡಿಕೆ. ಹಣ್ಣಾದ ಮೇಲೆ ಸಿಪ್ಪೆಸಮೇತ ವಾರಗಟ್ಟಲೆ ಬಿಸಿಲಿಗೆ ಒಣಗಿಸಿ ಆಮೇಲೆ ಸುಲಿದದ್ದು ಚಾಲಿ. ಕೆಂಪಡಿಕೆಗೆಂದು ಕೊಯ್ದ ಹಸಿ ಅಡಿಕೆಯನ್ನು ಬಹಳ ದಿನ ರಾಶಿ ಹಾಕಿಡುವಂತಿಲ್ಲ, ಇಟ್ಟರೆ ಬಣ್ಣ ಕೆಡುತ್ತದೆ. ಹಾಗಾಗಿ ಹಗಲು ಕೊಯ್ದದ್ದನ್ನು ರಾತ್ರಿ ಕೂತು ಸುಲಿಯುವುದು ರೂಢಿ. ಹಲಗೆಗೆ ಬಾಗಿದ ಅಲಗು ಕೂರಿಸಿದ ಮೆಟ್ಟುಗತ್ತಿಯ ಮೇಲೆ ಕುಳಿತು, ಎರಡೂ ಕೈಯಲ್ಲಿ ಅಡಿಕೆ ಹಿಡಿದು ಅಲಗಿಗೆ ಒತ್ತಿ ಸಿಪ್ಪೆ ಬಿಡಿಸುತ್ತಾರೆ. ಚೊಗರು, ಎಂದರೆ ಅಡಿಕೆಯ ಒಗರು ರಸ, ಹತ್ತಿ ಬೆರಳು ಕಪ್ಪಾಗುತ್ತದೆ, ಆ ಕಪ್ಪು ರಜೆ ಮುಗಿದು ತರಗತಿ ಶುರುವಾದ ಮೇಲೂ ಉಗುರಿನ ಸಂದಿಯಲ್ಲಿ ಉಳಿದಿರುತ್ತದೆ. ಸುಲಿಯುವ ಯಂತ್ರಗಳು ಬಂದ ಮೇಲೆ ಈ ರಾತ್ರಿಗಳು ಕಡಿಮೆಯಾಗಿವೆ, ಆದರೆ ಸಣ್ಣ ತೋಟದ ಮನೆಗಳಲ್ಲಿ ಇನ್ನೂ ಮುಗಿದಿಲ್ಲ.

ಸುಲಿಯಲು ಬಂದವರಿಗೆ ಅಳತೆಯ ಮೇಲೆ ಕೂಲಿ. ಅಪ್ಪ ಪುಸ್ತಕದಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆ ಆ ರಾತ್ರಿಯ ಅಳತೆ ಬರೆಯುತ್ತಿದ್ದ, ಆಯಿ ಮತ್ತು ಮಗಳು ಸುಲಿದದ್ದು ಅಳೆಯದೆ ನೇರವಾಗಿ ರಾಶಿಗೆ ಸೇರುತ್ತಿತ್ತು. ಕೊನೆಯ ಚಳಿಗಾಲದ ರಜೆಯಲ್ಲಿ ಲೇಖಕಿ ತನ್ನ ಮತ್ತು ಆಯಿಯ ಬುಟ್ಟಿಗಳನ್ನೂ ಅಳೆದು, ಪುಟದ ಕೆಳಗೆ ಎರಡು ಹೆಸರು ಸೇರಿಸಿದಳು. ‘ಮನೆಯವರದ್ದು ಎಂತಕ್ಕೆ ಬರೆಯೋದು?’ ಎಂದು ಅಪ್ಪ ಕೇಳಿದ್ದು ಸಿಟ್ಟಿನಿಂದಲ್ಲ, ನಿಜವಾಗಿಯೂ ಅರ್ಥವಾಗದೆ. ಕೂಲಿ ಕೇಳುವುದಕ್ಕಲ್ಲ, ಎಷ್ಟೆಂದು ಗೊತ್ತಾಗಲಿ ಎಂದು ಅವಳು ಉತ್ತರಿಸಿದಳು. ತಿಂಗಳ ಕೊನೆಗೆ ಕೂಡಿಸಿದಾಗ ಆಯಿಯ ಅಳತೆ ಕೂಲಿಗೆ ಬಂದ ಒಬ್ಬರ ಅಳತೆಗೆ ಹೆಚ್ಚುಕಡಿಮೆ ಸಮವಾಗಿತ್ತು, ಆದರೆ ಆಯಿ ಮೆಟ್ಟುಗತ್ತಿಗೆ ಕೂರುತ್ತಿದ್ದುದು ಎಲ್ಲರಿಗೂ ಬಡಿಸಿ, ಒಲೆ ಆರಿಸಿದ ಮೇಲೆ.

ಇಲ್ಲಿ ಅರ್ಥಶಾಸ್ತ್ರದ ಒಂದು ಪರಿಭಾಷೆ ಉಪಯೋಗಕ್ಕೆ ಬರುತ್ತದೆ. ದೇಶಗಳು ತಮ್ಮ ಒಟ್ಟು ಉತ್ಪನ್ನವನ್ನು ಲೆಕ್ಕ ಹಾಕಲು ಅನುಸರಿಸುವ ವಿಶ್ವಸಂಸ್ಥೆಯ ರಾಷ್ಟ್ರೀಯ ಲೆಕ್ಕ ಪದ್ಧತಿಯಲ್ಲಿ ‘ಉತ್ಪಾದನೆಯ ಗಡಿ’ ಎಂಬ ಕಲ್ಪನೆಯಿದೆ. ಯಾವ ದುಡಿಮೆಯನ್ನು ಉತ್ಪಾದನೆ ಎಂದು ಎಣಿಸಬೇಕು, ಯಾವುದನ್ನು ಎಣಿಸಬಾರದು ಎಂದು ಹೇಳುವ ಗೆರೆ ಅದು. ಸಂಬಳವಿಲ್ಲದೆ ಮನೆಯವರೇ ಮಾಡಿದರೂ ಅಡಿಕೆ ಸುಲಿಯುವುದು ಈ ಗಡಿಯ ಒಳಗೆ ಬರುತ್ತದೆ, ಮನೆಬಳಕೆಗೆ ಹಪ್ಪಳ ಉಪ್ಪಿನಕಾಯಿ ಮಾಡಿಡುವುದೂ ವಸ್ತುವಿನ ಉತ್ಪಾದನೆಯಾದ್ದರಿಂದ ಒಳಗೇ ಬರುತ್ತದೆ. ಅದೇ ಹೆಂಗಸು ಅದೇ ರಾತ್ರಿ ಅದೇ ಮನೆಯವರಿಗೆ ಅಡುಗೆ ಮಾಡಿ ಬಡಿಸುವುದು, ಅಜ್ಜಿಯ ಕಾಲಿಗೆ ಎಣ್ಣೆ ತಿಕ್ಕುವುದು ಗಡಿಯ ಹೊರಗೆ ಉಳಿಯುತ್ತವೆ. ಶಾಸ್ತ್ರಕ್ಕೆ ತನ್ನದೇ ಕಾರಣಗಳಿವೆ, ಅವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಒಬ್ಬಳೇ ಹೆಂಗಸು ಒಂಬತ್ತು ಗಂಟೆಗೆ ಮೆಟ್ಟುಗತ್ತಿಗೆ ಕೂತೊಡನೆ ದುಡಿಯುವವಳಾಗಿ, ಹತ್ತೂವರೆಗೆ ಅಜ್ಜಿಯ ಕಾಲಿಗೆ ಎಣ್ಣೆ ತಿಕ್ಕಲು ಎದ್ದೊಡನೆ ಆ ಲೆಕ್ಕದಿಂದ ಜಾರಿಹೋಗುವುದನ್ನು ಕಣ್ಣಾರೆ ಕಂಡ ಮೇಲೆ, ತರಗತಿಯಲ್ಲಿ ಕಂಠಪಾಠ ಮಾಡಿದ ಆ ವ್ಯಾಖ್ಯೆ ಮೊದಲಿನಂತೆ ಓದಿಸಿಕೊಳ್ಳುವುದಿಲ್ಲ.

ಭಾರತದಲ್ಲಿ ಇಡೀ ದೇಶದ ಮಟ್ಟದ ಮೊದಲ ಸಮಯ ಬಳಕೆ ಸಮೀಕ್ಷೆ 2019ರಲ್ಲಿ ನಡೆಯಿತು. ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಾರೆಂದು ಅದು ಕಂಡುಕೊಂಡಿತು. 2024ರ ಸಮೀಕ್ಷೆಯಲ್ಲಿ ಈ ಅಂಕಿಗಳು 289 ಮತ್ತು 88. ಸಮೀಕ್ಷೆ ದಿನವನ್ನು ಅರ್ಧ ಗಂಟೆಯ ತುಂಡುಗಳಾಗಿ ವಿಂಗಡಿಸುತ್ತದೆ, ಒಂದು ತುಂಡಿನಲ್ಲಿ ಹಲವು ಕೆಲಸಗಳು ನಡೆದಿದ್ದರೆ 10 ನಿಮಿಷ ಅಥವಾ ಅದಕ್ಕೂ ಹೆಚ್ಚು ಹಿಡಿದ ಮೂರು ಕೆಲಸಗಳವರೆಗೆ ಬರೆದುಕೊಳ್ಳುತ್ತದೆ. ಇಂಥ ಸಮೀಕ್ಷೆಯಿಂದ ಆದ ಉಪಕಾರ ದೊಡ್ಡದು, ಅದಿಲ್ಲದಿದ್ದರೆ ಮನೆಯೊಳಗಿನ ಗಂಟೆಗಳ ಬಗ್ಗೆ ದೇಶಕ್ಕೆ ಯಾವ ಅಂಕಿಯೂ ಇರುತ್ತಿರಲಿಲ್ಲ. ಆದರೂ ಎರಡು ನಿಮಿಷದ ಹೆಪ್ಪು ಅದರ ಜರಡಿಯಲ್ಲಿ ನಿಲ್ಲಲಾರದು, ಹೆಪ್ಪನ್ನು ನೆನಪಿಟ್ಟುಕೊಂಡು ಸಂಜೆಯಿಡೀ ತಿರುಗಿದ್ದಂತೂ ನಿಲ್ಲುವ ಮಾತೇ ಇಲ್ಲ.

ರಜೆಯಲ್ಲಿ ಮಗಳಿಗೆ ಏನನ್ನು ಕಲಿಸುತ್ತಾರೆ ಎಂಬುದೂ ಗಮನಿಸಬೇಕಾದದ್ದು. ಅಪ್ಪೆಹುಳಿಗೆ ಒಗ್ಗರಣೆ, ಹಬ್ಬದ ಕಜ್ಜಾಯದ ಪಾಕ, ನೂರು ಎಲೆಗೆ ಅಕ್ಕಿ ಎಷ್ಟು ಎಂಬ ಅಂದಾಜು, ಇವುಗಳನ್ನು ಅಜ್ಜಿ ಕಲಿಸಿದಳು, ಕಲಿಸುವಾಗೆಲ್ಲ ‘ನಾಳೆ ಹೋದ ಮನೆಯಲ್ಲಿ’ ಎಂಬ ಮಾತು ಬರುತ್ತಿತ್ತು. ತೋಟಕ್ಕೆ ಮದ್ದು ಹೊಡೆಯುವ ಕಾಲ, ಕೆಲಸದವರ ಬಟವಾಡೆ, ಸೊಸೈಟಿಯ ಖಾತೆ ಇವೆಲ್ಲ ತಮ್ಮನ ಪಾಠಗಳಾಗಿದ್ದವು, ಅವನಿಗಾಗ ಹದಿನೈದು ವರ್ಷ. ಕಾನೂನಿನ ಮಾತೇ ಬೇರೆ: ಅವಿಭಕ್ತ ಹಿಂದೂ ಕುಟುಂಬದ ಆಸ್ತಿಯಲ್ಲಿ ಮಗಳೂ ಹುಟ್ಟಿನಿಂದಲೇ ಮಗನಷ್ಟೇ ಪಾಲುದಾರಳೆಂಬ ನಿಯಮವನ್ನು ಕರ್ನಾಟಕ 1994ರ ತಿದ್ದುಪಡಿಯಲ್ಲೇ ತಂದಿತ್ತು, ಕೇಂದ್ರದ ಕಾಯ್ದೆಗೆ ಅದು 2005ರಲ್ಲಿ ಬಂತು. ಪಾಲು ಕೇಳುವುದು ಇಲ್ಲಿನ ವಿಷಯವಲ್ಲ. ಪಾಲುದಾರಳೆಂದು ಕಾನೂನು ಒಪ್ಪಿದವಳಿಗೆ ಆ ತೋಟದ ಲೆಕ್ಕ ಓದಲು ಕಲಿಸಬೇಕೆಂದು ಮನೆಗೆ ಹೊಳೆಯದಿರುವುದು ವಿಷಯ.

ಕೇಳಿದ ಮೇಲೆ ಅಪ್ಪ ಕರೆದೊಯ್ದ. 1923ರಲ್ಲಿ ಬೆಳೆಗಾರರೇ ಕಟ್ಟಿದ ಶಿರಸಿಯ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿಯ ಅಂಗಳದಲ್ಲಿ ಅಡಿಕೆ ಟೆಂಡರಿನ ಮೂಲಕ ಮಾರಾಟವಾಗುವ ಬಗೆ, ರಾಶಿ, ಬೆಟ್ಟೆ, ಚಾಲಿ ಎಂಬ ಅಡಿಕೆಯ ಬಗೆಗಳಿಗೆ ಧಾರಣೆ ಬೇರೆ ಬೇರೆಯಾಗುವ ಕಾರಣ, ಹುಟ್ಟುವಳಿಯ ಮೇಲೆ ಪಡೆದ ಸಾಲ ವಜಾ ಆಗಿ ಉಳಿದದ್ದು ಖಾತೆಗೆ ಬರುವ ಕ್ರಮ, ಇವನ್ನೆಲ್ಲ ಅವಳು ಒಂದೇ ಬೆಳಗಿನಲ್ಲಿ ಕಲಿತದ್ದಲ್ಲ, ಎರಡು ರಜೆ ಹಿಡಿದವು. ‘ಶಿರಸಿ ಸುಪಾರಿ’ಗೆ 2019ರಲ್ಲಿ ಭೌಗೋಳಿಕ ಗುರುತು, ಎಂದರೆ ಒಂದು ಪ್ರದೇಶದ ವಿಶಿಷ್ಟ ಉತ್ಪನ್ನವೆಂಬ ಕಾನೂನಿನ ಮಾನ್ಯತೆ, ಸಿಕ್ಕಿದ್ದನ್ನು ಕಾಲೇಜಿನ ಪರೀಕ್ಷೆಗೆಂದು ಓದಿದ್ದಳು, ಆ ಸುಪಾರಿ ತನ್ನ ಉಗುರಿನ ಕಪ್ಪೇ ಎಂದು ತಿಳಿದದ್ದು ಆ ಅಂಗಳದಲ್ಲಿ.

ಬೇಸಿಗೆಯ ರಜೆಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬಲಿತ ಹಲಸಿನಕಾಯಿಯ ತೊಳೆ ಬಿಡಿಸಿ, ಬೇಯಿಸಿ, ಉಪ್ಪು ಮೆಣಸು ಹಾಕಿ ಕುಟ್ಟಿ, ಉಂಡೆ ಮಾಡಿ, ಒತ್ತಿ, ಬಿಸಿಲಿಗೆ ಹರವುವ ಹಪ್ಪಳದ ದಿನಗಳಲ್ಲಿ ಅಕ್ಕಪಕ್ಕದ ಮನೆಗಳ ಹೆಂಗಸರು ಸರದಿಯಂತೆ ಒಬ್ಬರ ಮನೆಗೆ ಒಬ್ಬರು ಬರುತ್ತಾರೆ. ಈ ಮುಯ್ಯಾಳಿನ ಕೆಲಸ, ಎಂದರೆ ಕೂಲಿಯಿಲ್ಲದೆ ದುಡಿಮೆಗೆ ದುಡಿಮೆಯನ್ನೇ ಹಿಂದಿರುಗಿಸುವ ಪದ್ಧತಿ, ಇಡೀ ವರ್ಷದಲ್ಲಿ ಆಯಿ ನಗುತ್ತಾ ಮಾಡುತ್ತಿದ್ದ ಕೆಲಸವಾಗಿತ್ತು. ಕೆಲಸ ಕಡಿಮೆಯಿದ್ದುದರಿಂದಲ್ಲ, ಹೊಣೆ ಹಂಚಿಹೋಗಿದ್ದುದರಿಂದ. ಹಪ್ಪಳದ ಹಿಟ್ಟಿನ ಹದ ಒಬ್ಬಳಿಗೆ, ಮಳೆಮೋಡದ ಮೇಲೆ ಕಣ್ಣು ಇನ್ನೊಬ್ಬಳಿಗೆ, ಎಣಿಕೆ ಮತ್ತೊಬ್ಬಳಿಗೆ.

ರಾಜ್ಯದ ಶಕ್ತಿ ಯೋಜನೆ 2023ರ ಜೂನ್ 11ರಂದು ಜಾರಿಗೆ ಬಂದು, ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರ ಪ್ರಯಾಣಕ್ಕೆ ಟಿಕೆಟಿನ ಹಣ ಬೇಡವಾದ ಮೇಲೆ, ಮನೆಗೆ ಬರುವುದು ಸೆಮಿಸ್ಟರಿನ ರಜೆಗಷ್ಟೇ ಸೀಮಿತವಾಗಿ ಉಳಿಯಲಿಲ್ಲ. ಒಂದೆರಡು ದಿನಕ್ಕೆಂದು ಬಂದು ಹೋಗುವವಳು ನೆಂಟಸ್ತಿಕೆ ತೀರುವ ಮೊದಲೇ ಹೊರಟುಬಿಡುತ್ತಾಳೆ, ಹಾಗಾಗಿ ಅಂಥ ಭೇಟಿಗಳಲ್ಲಿ ಮನೆ ಕಾಣುವುದಿಲ್ಲ, ಮನೆಯವರು ಮಾತ್ರ ಕಾಣುತ್ತಾರೆ. ಮನೆ ಕಾಣಲು ಮೂರು ವಾರ ಬೇಕು.

ಕೊನೆಯ ರಜೆ ಮುಗಿದು ಹೊರಡುವ ಹಿಂದಿನ ಸಂಜೆ ಲೇಖಕಿ ಬೆಳಗಿನ ಆಸರಿಯ ಹೊಣೆಯನ್ನು ಮರಳಿ ಒಪ್ಪಿಸಬೇಕಾಯಿತು. ಉದ್ದು ಇನ್ನು ಎಂಟು ದಿನಕ್ಕೆ ಸಾಕು, ಅವಲಕ್ಕಿ ಡಬ್ಬಿ ಮೇಲಿನ ನಾಗಂದಿಗೆಯಲ್ಲಿದೆ, ನಾಳೆಗೆ ಅಕ್ಕಿ ನೆನೆದಿದೆ ಎಂದು ಅವಳು ಹೇಳಿದ್ದು ಆಯಿಗೊಬ್ಬಳಿಗೇ ಅಲ್ಲ, ಅಪ್ಪ ಮತ್ತು ತಮ್ಮ ಊಟಕ್ಕೆ ಕೂತಿದ್ದಾಗ, ಎಲ್ಲರಿಗೂ ಕೇಳುವಂತೆ. ಆಯಿ ಮರುದಿನದಿಂದಲೇ ಐದು ಗಂಟೆಗೆ ಒಲೆಯ ಮುಂದೆ ಮರಳಿದಳೆಂದು ಫೋನಿನಲ್ಲಿ ತಿಳಿಯಿತು. ಮೂರು ವಾರದ ಬದಲಾವಣೆ ಮೂವತ್ತು ವರ್ಷದ ರೂಢಿಯನ್ನು ಅಲುಗಿಸಲಿಲ್ಲ. ಆ ರಜೆಯಿಂದ ಮನೆಯಲ್ಲಿ ಉಳಿದುಕೊಂಡದ್ದು ಎರಡೇ ಸಂಗತಿಗಳು: ಸುಲಿತದ ಪುಸ್ತಕದಲ್ಲಿ ಕೊನೆಯ ಕೊಯ್ಲಿನವರೆಗೂ ಆಯಿಯ ಹೆಸರಿನ ಮುಂದೆ ಅಳತೆ ತುಂಬುತ್ತಾ ಹೋಯಿತು, ಅಪ್ಪನ ಅಕ್ಷರದಲ್ಲಿ, ಮತ್ತು ರಾತ್ರಿ ಹೆಪ್ಪು ಹಾಕುವುದು ತಮ್ಮನ ಕೆಲಸವಾಯಿತು, ಅವನು ವಾರಕ್ಕೊಮ್ಮೆ ಮರೆಯುತ್ತಾನೆ, ಆ ದಿನ ಮನೆಯವರು ಮೊಸರಿಲ್ಲದೆ ಉಣ್ಣುತ್ತಾರೆ.